ತಾರೀಖು ಹಾಕದ ಫಾರಂ

ಮಧುಗಿರಿ ಆರ್‌ಟಿಒ ಆಫೀಸಿನ ಎದುರುಗಡೆ ಒಂದು ಜೆರಾಕ್ಸ್ ಅಂಗಡಿ ಇದೆಯಲ್ಲ, ಅದು ನನ್ನದು. ನನ್ನ ಹೆಸರು ರಾಧಾಮಣಿ. ಬಾಯಿ ಜೋರು ಅಂತ ಹೇಳೋರು ಹೇಳ್ಕೊಳ್ಲಿ, ಬಾಯಿ ಇಲ್ದೋರು ಆ ಬ್ರೋಕರ್‌ಗಳ ಮಧ್ಯೆ ಹದಿನಾಲ್ಕು ವರ್ಷ ಅಂಗಡಿ ನಡೆಸಿ ತೋರಿಸ್ಲಿ ನೋಡೋಣ. ಆದ್ರೆ ಇದು ನನ್ನ ಕತೆಯಲ್ಲ. ನನ್ನ ಅಂಗಡಿ ಜಗಲಿ ಮೇಲೆ ಹಲಗೆ ಹಾಕ್ಕೊಂಡು ಕೂರೋ ದೊಡ್ಡಹನುಮಯ್ಯನ ಕತೆ.

ನಾನು ಅವನನ್ನ ಅಣ್ಣ ಅಂತೀನಿ. ಸಂಬಂಧದಲ್ಲಿ ಏನೂ ಆಗಬೇಕಿಲ್ಲ. ನಾನು ಅಂಗಡಿ ಇಟ್ಟ ಹೊಸದರಲ್ಲಿ, ಹೆಂಗಸು ಒಬ್ಬಳೇ ಇದಾಳೆ ಅಂತ ಬ್ರೋಕರ್ ಒಬ್ಬ ದಿನಾ ಬಂದು ವಕ್ರ ಮಾತಾಡ್ತಿದ್ದ. ಅಣ್ಣ ಎದುರುಗಡೆ ಹುಣಸೆಮರದ ಕೆಳಗಿಂದ ತನ್ನ ಹಲಗೆ ಎತ್ಕೊಂಡು ಬಂದು ನನ್ನ ಜಗಲಿ ಮೇಲೆ ಹಾಕಿ ಕೂತ. ಅವತ್ತಿಂದ ಅವನ ಜಾಗ ಅದೇ.

ಅಣ್ಣ ಫಾರಂ ಬರಿಯೋನು. ಅರವತ್ತೊಂದು ವರ್ಷ, ಎಸ್ಸೆಸ್ಸೆಲ್ಸಿ ಪಾಸು, ಅಕ್ಷರ ಅಂದ್ರೆ ಮುತ್ತು. ಈಗ ಎಲ್ಲಾ ಆನ್‌ಲೈನ್ ಆಗಿದೆ, ಕಂಪ್ಯೂಟರಿನಲ್ಲಿ ಕುಟ್ಟೋಳು ನಾನು. ಆದ್ರೂ ಹಳ್ಳಿಯೋರು ಮೊದ್ಲು ಅವನ ಹತ್ರಾನೇ ಹೋಗ್ತಾರೆ. ಯಾವ ಕಾಗದ ಬೇಕು, ಯಾವ ಕಿಟಕಿ, ಯಾವ ಸಾಹೇಬ್ರು ಊಟಕ್ಕೆ ಎದ್ದಿದಾರೆ, ಎಲ್ಲಾ ಅವನ ತಲೇಲಿರುತ್ತೆ. ಅದಕ್ಕಿಂತ ಹೆಚ್ಚಾಗಿ ಗಾಡಿ ನಂಬರ್‌ಗಳು. ಒಂದು ಸಲ ಕೈಯಾರೆ ಬರೆದ ನಂಬರ್ ಅವನು ಮರೆಯೋದಿಲ್ಲ. ರಸ್ತೇಲಿ ಜೀಪ್ ಹೋದ್ರೆ, 'ಅದು ಪುರವರದ ಮೇಷ್ಟ್ರುದ್ದು ಕಣಮ್ಮ, ಈಗ ಯಾರತ್ರ ಐತೋ' ಅಂತಾನೆ. ನನಗೆ ನಮ್ಮ ಯಜಮಾನ್ರ ಫೋನ್ ನಂಬರ್ರೇ ನೆನಪಿರಲ್ಲ.

ಇಂಥ ಅಣ್ಣನಿಗೆ ಒಂದು ರೂಢಿ ಇತ್ತು. ಯಾರಾದ್ರೂ ಗಾಡಿ ಮಾರ್ತಿದ್ರೆ ವರ್ಗಾವಣೆ ಫಾರಂನಲ್ಲಿ ಮಾರೋರ ಹೆಸರು, ವಿಳಾಸ, ಗಾಡಿ ನಂಬರ್ ಎಲ್ಲಾ ಚೆಂದಾಗಿ ಬರೆದು, ಸಹಿ ಹಾಕೋ ಜಾಗಕ್ಕೆ ಇಂಟು ಗುರುತು ಮಾಡಿ ಕೊಡೋನು. ಕೊಳ್ಳೋರ ಹೆಸರಿನ ಜಾಗ ಖಾಲಿ. ತಾರೀಖಿನ ಜಾಗಾನೂ ಖಾಲಿ. 'ತಾರೀಖು ಬುಡಿ. ತಗಂಡೋರು ಯಾವಾಗ ಬೇಕೋ ಆವಾಗ ಹಾಕ್ಕಂತಾರೆ' ಅನ್ನೋನು. ಕೊಂಡೋನು ನಾಳೆ ಇನ್ನೊಬ್ಬನಿಗೆ ಮಾರಿದ್ರೆ ಅದೇ ಫಾರಂ ಅವನ ಕೈಗೆ ಹೋಗುತ್ತೆ. ಯಾರೂ ಮತ್ತೆ ಮತ್ತೆ ಬಸ್ ಹತ್ಕೊಂಡು ಮಧುಗಿರಿಗೆ ಬರಬೇಕಾಗಿಲ್ಲ. ಜನಕ್ಕೆ ಸಲೀಸಾಗ್ಲಿ ಅಂತಾನೇ ಅಣ್ಣ ಹಾಗೆ ಮಾಡ್ತಿದ್ದದ್ದು. ಅದರಲ್ಲಿ ಮೋಸ ಇರ್ಲಿಲ್ಲ. ಅದನ್ನ ನಾನು ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ.

ಹೋದ ನವೆಂಬರ್, ಒಂದು ಸೋಮವಾರ. ಮಿಡಿಗೇಶಿ ಬಸ್ಸಿಂದ ಇಳಿದು ಬಸವಮ್ಮನೋರು ಬಂದ್ರು, ಜೊತೇಲಿ ಮಗಳು ಲೋಹಿತಾ. ಹುಡುಗಿಗೆ ಇಪ್ಪತ್ತು ವರ್ಷ. ನನ್ನ ಅಂಗಡಿಗೆ ಇರೋದು ಮೂರೇ ಮೆಟ್ಲು. ಎರಡನೇದರ ಮೇಲೆ ಕೂತುಬಿಟ್ಲು. ತುಟಿ ನೇರಳೆ ಹಣ್ಣು ತಿಂದ ಹಾಗೆ ಆಗಿತ್ತು. ನಾನು ನೀರು ಕೊಟ್ಟೆ, ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಲು.

"ಹೃದಯದ ಕವಾಟ ಕೆಟ್ಟೈತಂತೆ ಕಣಮ್ಮ. ಬೆಂಗಳೂರಿನ ದೊಡ್ಡಾಸ್ಪತ್ರೇಲಿ ಆಪರೇಷನ್‌ಗೆ ದಿನ ಕೊಟ್ಟವ್ರೆ. ಮುಂದಿನ ವಾರದ ಶುಕ್ರವಾರ. ಬಿಪಿಎಲ್ ಕಾರ್ಡಿನ ಮೇಲೆ ಪೂರ್ತಿ ಪುಕ್ಕಟೆ ಅಂದಿದ್ರು. ಈಗ ಕಾರ್ಡೇ ಇಲ್ಲ" ಅಂದ್ರು ಬಸವಮ್ಮನೋರು.

ಆಗಿದ್ದು ಇಷ್ಟು. ಅದರ ಹಿಂದಿನ ವಾರ ನ್ಯಾಯಬೆಲೆ ಅಂಗಡೀಲಿ ಹೆಬ್ಬೆಟ್ಟು ಒತ್ತಿದಾರೆ, ಕಾರ್ಡು ರದ್ದಾಗಿದೆ ಅಂತ ಬಂದಿದೆ. ತಾಲ್ಲೂಕು ಆಫೀಸಿನಲ್ಲಿ ಆಹಾರ ಇಲಾಖೆಯೋರನ್ನ ಕೇಳಿದ್ರೆ, ಸಾರಿಗೆ ಇಲಾಖೆಯಿಂದ ಕಾರು ಇರೋರ ಪಟ್ಟಿ ಬಂದಿದೆ, ಆಧಾರ್ ನಂಬರ್ ಹೊಂದಿಸಿ ನೋಡಿದ್ದಾಗಿದೆ, ಅದರಲ್ಲಿ ನಿಮ್ಮ ಹೆಸರಿದೆ, ಅಲ್ಲಿ ಹೆಸರು ತೆಗೆಸ್ಕೊಂಡು ಬಂದ್ರೆ ನಾವು ಇಲ್ಲಿ ಸರಿ ಮಾಡ್ತೀವಿ ಅಂದಿದಾರೆ. ಆರ್‌ಟಿಒಗೆ ಬಂದ್ರೆ, ಹೌದಮ್ಮ, ಗಾಡಿ ನಿಮ್ಮ ಹೆಸರಲ್ಲೇ ಇದೆ, ಕೊಂಡೋರನ್ನ ಕರ್ಕೊಂಡು ಬಂದು ಅವರ ಹೆಸರಿಗೆ ಮಾಡಿಸಿ ಅಂದಿದಾರೆ. ಆ ಆಫೀಸಿನೋರು ಹೇಳಿದ್ದೂ ಸರಿ, ಈ ಆಫೀಸಿನೋರು ಹೇಳಿದ್ದೂ ಸರಿ. ನನಗೆ ಅದಕ್ಕೇ ಇನ್ನೂ ಉರೀತಿತ್ತು. ಯಾರಾದ್ರೂ ಒಬ್ಬರು ತಪ್ಪು ಮಾಡಿದ್ರೆ ಅವರ ಮೇಲೆ ಹಾರಾಡಬಹುದಿತ್ತು.

"ನಂಗೆ ಸೈಕಲ್ ತುಳಿಯೋಕೂ ಬರಾಕಿಲ್ಲ. ನಮ್ಮ ಯಜಮಾನ್ರು ಹುಣಸೆಹಣ್ಣು ಸಾಗಿಸೋಕೆ ಅಂತ ಒಂದು ಓಮ್ನಿ ತಗಂಡಿದ್ರು, ನನ್ನ ಹೆಸ್ರಲ್ಲಿ. ಮಾರಿ ಏಳು ವರ್ಷ ಆಯ್ತು. ಅವ್ರು ತೀರ್ಕಂಡೇ ನಾಕು ವರ್ಷ ಆಯ್ತು" ಅಂದ್ರು ಬಸವಮ್ಮನೋರು.

"ಮಾರೋವಾಗ ಯಾವ್ದಕ್ಕಾದ್ರೂ ಸಹಿ ಹಾಕಿದ್ರಾ ಅಮ್ಮಾ?" ಅಂದ ಅಣ್ಣ.

"ಒಲೆ ಮುಂದೆ ಕೂತು ರೊಟ್ಟಿ ತಟ್ತಿದ್ದೆ. ಇಲ್ಲಿ ಹಾಕು, ಇಲ್ಲೊಂದು ಹಾಕು ಅಂದ್ರು, ಹಾಕ್ದೆ. ಏನು ಅಂತ ನಾನೂ ಕೇಳ್ಲಿಲ್ಲ, ಅವ್ರೂ ಹೇಳ್ಲಿಲ್ಲ."

ಅಣ್ಣ ಅವರ ಕೈಲಿದ್ದ ಚೀಟಿ ಇಸ್ಕೊಂಡ. ನಂಬರ್ ಓದಿದ. ಕೊನೇ ನಾಲ್ಕು ಅಂಕಿ 4717. ಪೆನ್ನಿನ ಮುಚ್ಚಳ ಕೆಳಗೆ ಬಿತ್ತು, ಅವನು ಬಗ್ಗಿ ತಗೊಳ್ಳಲಿಲ್ಲ. "ಬಿಳಿ ಬಣ್ಣ. ಮರುಳಸಿದ್ದಯ್ನೋರು" ಅಂತ ಬಸವಮ್ಮನೋರ ಯಜಮಾನ್ರ ಹೆಸರು ಹೇಳಿದ, ಅಷ್ಟೆ. ಆಮೇಲೆ, "ನೀವು ಊರಿಗೆ ಹೋಗಿ ಅಮ್ಮಾ, ಹುಡುಗೀನ ಮಲಗ್ಸಿ. ಗಾಡಿ ನಾನ್ ಹುಡುಕ್ತೀನಿ" ಅಂದ. ನನಗೆ ಆಶ್ಚರ್ಯ ಆಯ್ತು. ಹಲಗೆ ಬಿಟ್ಟು ಏಳೋ ಮನುಷ್ಯನೇ ಅಲ್ಲ ಅದು.

ಮಾರನೇ ದಿನ ನನ್ನ ಸ್ಕೂಟಿ ಮೇಲೆ ಕೊಳಾಲಕ್ಕೆ ಹೋದ್ವಿ. ಅಂಗಡಿ ಬಾಗಿಲು ಹಾಕಿ ನಾನ್ಯಾಕೆ ಹೋದೆ ಅಂತ ಕೇಳಬೇಡಿ. ಆ ಹುಡುಗಿ ಎರಡನೇ ಮೆಟ್ಲ ಮೇಲೆ ಕೂತದ್ದು ನನಗೆ ರಾತ್ರಿಯೆಲ್ಲಾ ಕಣ್ಮುಂದೆ ಬರ್ತಿತ್ತು. ಬಸವಮ್ಮನೋರು ಹೇಳಿದ್ದ ಹಾಗೆ, ಕೊಳಾಲದಲ್ಲಿ ಹಿಟ್ಟಿನ ಗಿರಣಿ ಇಟ್ಟಿರೋ ಕುಮಾರಸ್ವಾಮಿ ಅನ್ನೋರು ಮರುಳಸಿದ್ದಯ್ಯನೋರಿಂದ ಓಮ್ನಿ ಕೊಂಡಿದ್ದದ್ದು. ಫೋನ್ ನಂಬರ್ ಬದಲಾಗಿತ್ತು. ಹೋಗಿ ನೋಡಿದ್ರೆ ಮೈತುಂಬಾ ರಾಗಿಹಿಟ್ಟು ಮೆತ್ಕೊಂಡು ನಿಂತಿದ್ರು.

"ಅದನ್ನ ನಾನು ಒಂದೇ ವರ್ಷ ಮಡಗಿದ್ದು, ಸಿರಾ ಬಾಬಾಜಾನ್‌ಗೆ ಕೊಟ್ಬುಟ್ಟೆ" ಅಂದ್ರು.

"ಹೆಸರಿಗ್ಯಾಕೆ ಮಾಡಿಸ್ಕೊಳ್ಲಿಲ್ಲ ಸ್ವಾಮಿ? ಏನು ರೋಗ ಬಂದಿತ್ತು?" ಅಂದೆ ನಾನು. ಬಾಯಿಗೆ ಬಂದದ್ದನ್ನ ತಡೆಯೋದು ನನಗೆ ಗೊತ್ತಿಲ್ಲ.

"ಅಯ್ಯೋ, ನನ್ನ ಬೈದ್ರೆ ಏನಮ್ಮ ಬಂತು? ಆರ್‌ಟಿಒ ಮುಂದೆ ತಿಳಿದೋನೊಬ್ಬ ಕೂತವ್ನೆ, ತಾರೀಖು ಬುಡಿ ಅಂತ ಅವನೇ ಹೇಳವ್ನೆ ಅಂತ ಮರುಳಸಿದ್ದಯ್ನೋರೇ ಹೇಳಿದ್ರು. ನಾನೂ ಹಂಗೇ ಬಾಬಾಜಾನ್‌ಗೆ ಹೇಳಿ ಕೊಟ್ಟೆ."

ನನಗೆ ನಗು ಬಂತು. 'ನೋಡಣ್ಣ ನಿನ್ನ ಕೀರ್ತಿ' ಅಂತ ತಮಾಷೆ ಮಾಡೋಣ ಅಂತ ತಿರುಗಿದೆ. ಅಣ್ಣನ ಮುಖ ನೋಡಿ ಬಾಯಿ ಮುಚ್ಕೊಂಡೆ.

ವಾಪಸ್ ಬರ್ತಾ ಕೊರಟಗೆರೆ ಹತ್ರ ಟೀ ಕುಡಿಯೋಕೆ ನಿಲ್ಲಿಸಿದಾಗ ಅವನೇ ಬಾಯಿ ಬಿಟ್ಟ. "ಆ ಫಾರಂ ಬರ್ದಿದ್ದು ನಾನೇ ಕಣಮ್ಮ. ನಿನ್ನೆ ನಂಬರ್ ನೋಡ್ದಾಗ್ಲೇ ಗೊತ್ತಾಯ್ತು. ಬಸವಮ್ಮೋರಿಗೆ ಹೇಳೋಕೆ ಬಾಯಿ ಬರ್ಲಿಲ್ಲ."

"ನೀನೊಬ್ಬನೇ ಏನು? ಊರಿಗೆ ಊರೇ ಹಂಗೆ ಮಾಡ್ತಿತ್ತು."

"ಊರಿಗೆ ಹೇಳ್ಕೊಟ್ಟೋನು ಯಾರು?" ಅಂದ. ಟೀ ಹಾಗೇ ಇಟ್ಟು ಎದ್ದ.

ಬುಧವಾರ ಸಿರಾ. ಬಾಬಾಜಾನ್ ಗ್ಯಾರೇಜು ಬಸ್‌ಸ್ಟ್ಯಾಂಡ್ ಹಿಂದೆ, ಹಳೇ ಟೈರುಗಳ ಗುಡ್ಡದ ಮಧ್ಯೆ. ಸೆಕೆಂಡ್‌ಹ್ಯಾಂಡ್ ಗಾಡಿ ವ್ಯಾಪಾರ. ಓಮ್ನಿ ಅಂದ ತಕ್ಷಣ ಕೈ ಒರೆಸ್ಕೊಂಡು ಬಂದ. "ಅರೆ, ಆ ಗಾಡಿನಾ! ಪಕ್ಕಾ ಮಾಲು ಇತ್ತು ಅದು. ನಾಲ್ಕು ವರ್ಷದ ಹಿಂದೇನೇ ಪಾವಗಡದ ಕಡೆ ಹೋಯ್ತು. ಬಲಸಮುದ್ರದ ಪೆದ್ದಮ್ಮ ಅಂತ, ಸೋಲಾರ್ ಕೆಲಸದ ಹೆಂಗಸರ ಮೇಸ್ತ್ರಿ."

"ಪೇಪರ್ ಹೆಂಗೆ ಕೊಟ್ರಿ ಸಾಬ್ರೆ?" ಅಂದ ಅಣ್ಣ ಮೆತ್ತಗೆ.

"ಪೇಪರ್ ಬಗ್ಗೆ ಫಿಕರೇ ಬೇಡ. ಮಧುಗಿರಿ ಹನುಮಯ್ಯ ಬರೆದ ಫಾರಂ ಇತ್ತು. ಆ ಅಕ್ಷರ ಇದ್ರೆ ನಾವು ಎರಡನೇ ಮಾತೇ ಆಡಲ್ಲ. ತಾರೀಖು ಖಾಲಿ, ಹೆಸರು ಖಾಲಿ, ಕ್ಲೀನ್!"

"ಆ ಹನುಮಯ್ಯ ನಾನೇ."

ಬಾಬಾಜಾನ್ ಎರಡೂ ಕೈಲಿ ಅಣ್ಣನ ಕೈ ಹಿಡ್ಕೊಂಡ. ಕುರ್ಚಿ ತರಿಸ್ದ, ಚಾಯ್ ತರಿಸ್ದ. 'ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ದಿನದಿಂದ ಇತ್ತು' ಅಂದ. ಪಾಪ, ಮನಸ್ಸಿಂದಾನೇ ಅಂದ. ಅಣ್ಣ ಕುರ್ಚಿ ತುದೀಲಿ ಕೂತು ನೆಲ ನೋಡ್ತಿದ್ದ. ಬೈದಿದ್ರೆ ತಡ್ಕೊಳ್ತಿದ್ದ ಅನ್ಸುತ್ತೆ, ಆ ಮರ್ಯಾದೆ ಅವನಿಂದ ತಡ್ಕೊಳ್ಳೋಕಾಗ್ಲಿಲ್ಲ.

ಅಷ್ಟರಲ್ಲಿ ನನ್ನ ಫೋನ್ ಹೊಡ್ಕೊಂಡಿತು. ಬಸವಮ್ಮನೋರು. ಆಸ್ಪತ್ರೆಯಿಂದ ಫೋನ್ ಬಂದಿತ್ತಂತೆ. ಮುಂದಿನ ಬುಧವಾರ ಸಂಜೆಯೊಳಗೆ ಕಾರ್ಡು ಚಾಲ್ತಿ ಆಗದಿದ್ರೆ ಶುಕ್ರವಾರದ ದಿನ ಇನ್ನೊಬ್ಬರಿಗೆ ಹೋಗುತ್ತಂತೆ. ಆಮೇಲೆ ಸಿಗೋದು ನಾಲ್ಕು ತಿಂಗಳಾದ್ಮೇಲೆ. "ನಾಕು ತಿಂಗ್ಳು ಇವ್ಳು ತಡೆಯಲ್ಲ ಕಣಮ್ಮ. ಈಗ ಬಚ್ಚಲಿಗೆ ಹೋಗೋಕೂ ಕೈ ಹಿಡ್ಕೋಬೇಕು" ಅಂದ್ರು. ಅಳ್ತಿರ್ಲಿಲ್ಲ. ಅತ್ತಿದ್ರೆ ನನಗೆ ಅಷ್ಟು ಭಯ ಆಗ್ತಿರ್ಲಿಲ್ಲ.

ಗುರುವಾರ ಪಾವಗಡದ ಬಸ್ಸು. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಆಟೋ. ಬಲಸಮುದ್ರದ ಕಡೆ ಹೋಗ್ತಾ ಇದ್ರೆ ರಸ್ತೆ ಎರಡೂ ಕಡೆ ಸೋಲಾರ್ ಹಲಗೆಗಳು, ಕಣ್ಣು ಹಾಯೋವರೆಗೂ ಅದೇ. ಪೆದ್ದಮ್ಮನ ಮನೆ ಮುಂದೆ ಬೇವಿನಮರದ ಕೆಳಗೆ ಎರಡು ಗಂಟೆ ಕಾದ್ವಿ. ಮಧ್ಯಾಹ್ನದ ಮೇಲೆ ಓಮ್ನಿ ಬಂತು. ಬಿಳಿ ಬಣ್ಣ ಧೂಳಲ್ಲಿ ಕೆಂಪಾಗಿತ್ತು. ಒಳಗೆ ಎಂಟು ಜನ ಹೆಂಗಸರು, ಬಕೆಟ್ಟು, ಉದ್ದ ಕೋಲಿನ ಬ್ರಷ್ಷುಗಳು. ಓಡಿಸ್ತಿದ್ದದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದ್ದ, ಐವತ್ತು ದಾಟಿದ ಹೆಂಗಸು. ಅವಳೇ ಪೆದ್ದಮ್ಮ.

ನಂಬರ್ ನೋಡಿದ್ದೇ ತಡ, ಅಣ್ಣ ಎದ್ದು ಹೋಗಿ ಗಾಡಿ ಮುಂದೆ ನಿಂತ. ಅವನಿಗೆ ಅಷ್ಟು ಸಿಟ್ಟು ಬಂದದ್ದು ನಾನು ನೋಡಿರ್ಲಿಲ್ಲ. "ಏನಮ್ಮ, ಯಾರ್ದೋ ಹೆಸರಿನ ಗಾಡಿ ನಾಕು ವರ್ಷದಿಂದ ಓಡಿಸ್ತಿದೀಯಲ್ಲ, ನಿಂಗೆ ದೇವರು ಒಳ್ಳೇದ್ ಮಾಡ್ತಾನಾ? ಅಲ್ಲೊಂದು ಹುಡುಗಿ ಸಾಯ್ತಾ ಅವ್ಳೆ. ನಾಳೆ ಬಂದು ನಿನ್ನ ಹೆಸರಿಗೆ ಮಾಡಿಸ್ಕೋ. ಇಲ್ದಿದ್ರೆ ಸ್ಟೇಷನ್‌ಗೆ ಬರ್ಕೊಡ್ತೀನಿ."

ಹೆಂಗಸರೆಲ್ಲಾ ಇಳಿದು ಸುತ್ತ ನಿಂತ್ರು. ಒಬ್ಬಳ ಕೈಲಿ ಬ್ರಷ್ಷಿನ ಕೋಲು ಹಾಗೇ ಇತ್ತು. ನಾನು ಮನಸ್ಸಲ್ಲೇ ಮಿಡಿಗೇಶಮ್ಮನಿಗೆ ಕೈ ಮುಗಿದೆ. ಪೆದ್ದಮ್ಮ ಮಾತ್ರ ಕೂಗಾಡ್ಲಿಲ್ಲ, ತೆಲುಗು ಬೆರೆತ ಕನ್ನಡದಲ್ಲಿ ಮೆತ್ತಗೆ ಮಾತಾಡಿದ್ಲು. "ಉಂಡಯ್ಯಾ, ತಡಿ, ಕೋಪ ಬ್ಯಾಡ" ಅಂತ ಒಳಗೆ ಹೋಗಿ ಟ್ರಂಕಿಂದ ಪ್ಲಾಸ್ಟಿಕ್ ಕವರು ತಂದ್ಲು. ಅದರೊಳಗೆ ಆರ್‌ಸಿ, ಇನ್ಶೂರೆನ್ಸು, ಮಡಿಕೆ ಬಿದ್ದ ಜಾಗದಲ್ಲಿ ಟೇಪು ಅಂಟಿಸಿದ್ದ ಫಾರಂ. ಮುತ್ತಿನಂಥ ಅಕ್ಷರ. ಕೆಳಗೆ ಬಸವಮ್ಮನೋರ ಸಹಿ, ಪಕ್ಕದಲ್ಲಿ ಎಣ್ಣೆ ಹೆಬ್ಬೆಟ್ಟಿನ ಕಲೆ. ತಾರೀಖಿನ ಜಾಗ ಖಾಲಿ.

"ನಾನು ಕದ್ದು ತಂದಿಲ್ಲಯ್ಯಾ. ಮಧುಗಿರೀಲಿ ಒಬ್ಬಯ್ಯ ಉನ್ನಾಡಂತೆ, ತಾರೀಖು ಹಾಕಬ್ಯಾಡಿ ಅಂತ ಆಯನೇ ಹೇಳಿದ್ದಂತೆ. ಸಾಬು ಇದನ್ನ ಜೋಪಾನ ಮಾಡು ಅಂದ. ಮಾಡಿದೀನಿ ನೋಡು."

ಅಣ್ಣ ಫಾರಂ ಕೈಲಿ ಹಿಡ್ಕೊಂಡು ಹಾಗೇ ಕಲ್ಲಿನ ಮೇಲೆ ಕೂತ. ಅವನ ಸಿಟ್ಟೆಲ್ಲಾ ಇಳಿದು ಹೋಗಿತ್ತು. ನಾನೇ ಪೆದ್ದಮ್ಮನಿಗೆ ಎಲ್ಲಾ ಹೇಳಿದೆ. ಬಸವಮ್ಮನೋರ ವಿಷಯ, ಲೋಹಿತಾ ವಿಷಯ, ಬುಧವಾರದ ಗಡುವು. ಅವಳು ಕೇಳ್ತಾ ಕೇಳ್ತಾ ಸೆರಗಿಂದ ಬಾಯಿ ಮುಚ್ಕೊಂಡ್ಲು.

"ಅಯ್ಯೋ ದೇವುಡಾ. ಕೂತುರು ಅಂದ್ರೆ ಯಾರ ಮಗಳಾದ್ರೂ ಒಂದೇ. ಆದ್ರೆ ನಾ ಪೇರಿಗೆ ಹಾಕಿದ್ರೆ ನಂದೂ ಕಾರ್ಡು ಹೋಗ್ತದಲ್ಲಮ್ಮ? ನಮ್ಮ ಮನೇಲಿ ಆರು ಜನ ಆ ಅಕ್ಕೀಲಿ ಉಣ್ತೀವಿ."

ಅದು ನಮಗೆ ಹೊಳೆದೇ ಇರ್ಲಿಲ್ಲ. ಬಸವಮ್ಮನೋರ ಹೆಸರು ತೆಗೆದು ಪೆದ್ದಮ್ಮನ ಹೆಸರು ಹಾಕಿದ್ರೆ, ಆ ಕಂಪ್ಯೂಟರು ಈ ಕಂಪ್ಯೂಟರಿಗೆ ಹೇಳುತ್ತೆ, ಮುಂದಿನ ತಿಂಗಳು ಪೆದ್ದಮ್ಮನ ಹೆಬ್ಬೆಟ್ಟಿಗೆ ಅಕ್ಕಿ ಇಲ್ಲ.

"ಗುಜರಿಗೆ ಹಾಕಿಬಿಟ್ರೆ? ನೋಂದಣೀನೇ ರದ್ದಾಗುತ್ತೆ" ಅಂದೆ ನಾನು.

ಬ್ರಷ್ಷಿನ ಕೋಲು ಹಿಡಿದಿದ್ದೋಳು ಸಿಡಿದುಬಿದ್ಲು. "ನಾವು ಎಂಟು ಮಂದಿ ಏನ್ ಮಾಡ್ಬೇಕು? ಹಲಗೆ ತೊಳೆಯೋ ಕೆಲಸ ಬೆಳಿಗ್ಗೆ ಆರಕ್ಕೇ ಶುರು, ಬಿಸಿಲು ಏರಿದ್ರೆ ನೀರು ಹಾಕಂಗಿಲ್ಲ. ಮೊದಲ್ನೇ ಬಸ್ಸು ಬರೋದು ಒಂಬತ್ತಕ್ಕೆ. ಹೊಲಗಳೆಲ್ಲಾ ಹಲಗೆ ಕೆಳಕ್ಕೆ ಹೋದ್ಮೇಲೆ ನಮಗೆ ಇರೋ ಕೂಲಿ ಇದೊಂದೇ."

"ಹಳದಿ ಬೋರ್ಡು ಮಾಡ್ಸಬಹುದು. ದುಡಿಮೆ ಗಾಡಿ ಒಂದಿದ್ರೆ ಕಾರ್ಡಿಗೆ ತೊಂದ್ರೆ ಇಲ್ಲ. ಆದ್ರೆ ಪರ್ಮಿಟ್ಟು, ಎಫ್‌ಸಿ ಎಲ್ಲಾ ಆಗ್ಬೇಕು. ತಿಂಗಳುಗಟ್ಲೆ ಹಿಡಿಯುತ್ತೆ" ಅಂದ ಅಣ್ಣ, ಯಾರ ಮುಖಾನೂ ನೋಡ್ದೆ.

ನಮ್ಮ ಹತ್ರ ಇದ್ದದ್ದು ಆರು ದಿನ. ಅದರಲ್ಲಿ ಒಂದು ಭಾನುವಾರ.

ಅಣ್ಣ ಜೇಬಿಂದ ಪೆನ್ನು ತೆಗೆದ. ಫಾರಂ ಮೊಣಕಾಲ ಮೇಲೆ ಇಟ್ಕೊಂಡು, ಕೊಳ್ಳೋರ ಹೆಸರಿನ ಜಾಗದಲ್ಲಿ ಬರೆದ. ದೊಡ್ಡಹನುಮಯ್ಯ. ತಂದೆ ಹೆಸರು, ವಿಳಾಸ. ಆಮೇಲೆ ತಾರೀಖು ಹಾಕಿದ.

ನಾನು ಅವನ ರಟ್ಟೆ ಹಿಡ್ಕೊಂಡೆ. "ಅಣ್ಣ, ತಲೆ ಕೆಟ್ಟಿದ್ಯಾ? ಇದೇನಾದ್ರೂ ಯಾರಿಗಾದ್ರೂ ಗುದ್ದಿದ್ರೆ ಕೋರ್ಟಿಗೆ ಅಲೆಯೋನು ನೀನು. ಬೇರೆಯೋರು ಓಡಿಸೋ ಗಾಡಿ ಹೆಸರಿಗೆ ಹಾಕ್ಕೋಬೇಡಿ ಅಂತ ಊರಿಗೆಲ್ಲಾ ಹೇಳೋನು ನೀನೇ ಅಲ್ವಾ?"

"ಹೌದು ಕಣಮ್ಮ."

"ನಿನ್ನ ಕಾರ್ಡು ಹೋಗುತ್ತೆ."

"ಹೋಗ್ಲಿ. ಹಳದಿ ಬೋರ್ಡು ಆದ್ಮೇಲೆ ಪೆದ್ದಮ್ಮನ ಹೆಸರಿಗೆ ಮಾಡ್ಕೊಡ್ತೀನಿ, ಆವಾಗ ನಂದು ಮತ್ತೆ ಬರುತ್ತೆ. ನಾನು ಮಾಡಿದ್ದನ್ನ ಆ ತಾಯಿ ಮೇಲೆ ಹೊರಿಸಿ ಹೋಗ್ಲಾ?"

"ಅತ್ತಿಗೆಗೆ ಏನ್ ಹೇಳ್ತೀಯ?"

ಅವನು ಫಾರಂ ಮಡಚಿ ಕವರಿಗೆ ಹಾಕಿದ. "ಈಗ್ಲೇ ಏನೂ ಹೇಳೋದ್ ಬ್ಯಾಡ. ನೀನೂ ಬಾಯಿ ಬುಡಬ್ಯಾಡ" ಅಂದ. ನಾನು ಹೂಂ ಅಂದೆ. ಅವತ್ತು ಹೂಂ ಅನ್ನೋದು ಬಿಟ್ಟು ಬೇರೇನೂ ನನಗೆ ತೋಚಲಿಲ್ಲ.

ಶುಕ್ರವಾರ ಪೆದ್ದಮ್ಮ ಕೆಲಸ ಬಿಟ್ಟು ಗಾಡಿ ಮಧುಗಿರಿಗೆ ತಂದ್ಲು. ಹೊಗೆ ತಪಾಸಣೆ ಮಾಡಿಸಿ, ಇನ್ಶೂರೆನ್ಸು ಸರಿ ಮಾಡಿ, ನಾನು ಆನ್‌ಲೈನ್ ಅರ್ಜಿಗೆ ಕೂತೆ. ಬಸವಮ್ಮನೋರ ಫೋನಿಗೆ ಒಟಿಪಿ ಹೋಗ್ಬೇಕು. ಮಿಡಿಗೇಶಿ ಬೆಟ್ಟದ ಮಗ್ಗುಲಿಗೆ ಅವರ ಮನೆ, ಅಲ್ಲಿ ಸಿಗ್ನಲ್ಲೇ ಇಲ್ಲ. ಒಂದು ಸಲ ಕಳಿಸಿದೆ, ಬರ್ಲಿಲ್ಲ. ಎರಡನೇ ಸಲ ಬಂತು, ಅವರು ಓದಿ ಹೇಳೋಷ್ಟರಲ್ಲಿ ಟೈಮ್ ಮುಗಿದಿತ್ತು. ಮೂರನೇ ಸಲ ಸೈಟೇ ನಿಂತೋಯ್ತು. ನಾನು ಕಂಪ್ಯೂಟರಿಗೆ ಬೈದ ಬೈಗುಳ ಎದುರು ಆಫೀಸಿಗೂ ಕೇಳಿಸ್ತಂತೆ. ಕೊನೆಗೆ ಅವರು ಮಗಳನ್ನ ಪಕ್ಕದ ಮನೆಯೋರ ಹತ್ರ ಬಿಟ್ಟು, ಬಸ್‌ಸ್ಟ್ಯಾಂಡಿಗೆ ಓಡಿ ಬಂದು, ರಸ್ತೆ ಮಧ್ಯೆ ನಿಂತು ಆರು ಅಂಕಿ ಕೂಗಿ ಹೇಳಿದ್ರು. ಆ ಕಡೆ ಬಸ್ಸಿನ ಹಾರನ್ನು, ಈ ಕಡೆ ನಾನು ಒಂದೊಂದೇ ಅಂಕಿ ಕೇಳಿ ಕುಟ್ಟಿದೆ. ಹೋಯ್ತು ಅರ್ಜಿ.

ಸೋಮವಾರ ಗಾಡಿ ನೋಡಿದ ಸಾಹೇಬ್ರು ಅಣ್ಣನನ್ನ ನೋಡಿ ಹುಬ್ಬು ಹಾರಿಸಿದ್ರು. "ಏನ್ ಹನುಮಯ್ಯ, ಈ ವಯಸ್ಸಲ್ಲಿ ಕಾರು?" ಅಣ್ಣ, "ಹೂಂ ಸಾರ್, ಆಸೆ" ಅಂದ. ಮಂಗಳವಾರ ಮಧ್ಯಾಹ್ನ ವರ್ಗಾವಣೆ ಆಯ್ತು. ಆ ಕಾಗದ ಪ್ರಿಂಟ್ ತೆಗೆದು, ಶಾಖ ಆರೋಕೂ ಬಿಡದೆ ಅಣ್ಣ ತಾಲ್ಲೂಕು ಆಫೀಸಿಗೆ ಓಡಿದ. ಆಹಾರ ಇಲಾಖೆಯೋರು ಅರ್ಜಿ ತಗೊಂಡ್ರು, ಮೇಲಿಂದ ಒಪ್ಪಿಗೆ ಬರಬೇಕು ಅಂದ್ರು. ಬುಧವಾರ ಬೆಳಿಗ್ಗೆಯಿಂದ ನಾನು ಹತ್ತು ನಿಮಿಷಕ್ಕೊಂದು ಸಲ ಕಾರ್ಡಿನ ನಂಬರ್ ಹಾಕಿ ನೋಡ್ತಿದ್ದೆ. ರದ್ದು. ರದ್ದು. ಮೂರು ಗಂಟೆಗೂ ರದ್ದು. ಅಣ್ಣ ತಾಲ್ಲೂಕು ಆಫೀಸಿನ ಬಾಗಿಲಲ್ಲೇ ನಿಂತಿದ್ದ, ಊಟಾನೂ ಇಲ್ಲ. ಬಸವಮ್ಮನೋರು ಲೋಹಿತಾನ ಕರ್ಕೊಂಡು ಬೆಂಗಳೂರಿನ ಆಸ್ಪತ್ರೆ ಕೌಂಟರ್ ಮುಂದೆ ಕೂತಿದ್ರು. ನಾಲ್ಕೂಕಾಲಿಗೆ ನೋಡ್ತೀನಿ, ಚಾಲ್ತಿ. ನಾನು ಅಂಗಡೀಲಿ ಒಬ್ಬಳೇ ನಿಂತು ಜೋರಾಗಿ ಅತ್ತುಬಿಟ್ಟೆ. ಡಿಎಲ್ ಜೆರಾಕ್ಸ್‌ಗೆ ಬಂದಿದ್ದೋನು ಹೆದರಿ ಹೊರಟೋದ.

ಶುಕ್ರವಾರ ಆಪರೇಷನ್ ಆಯ್ತು. ಹದಿನೈದು ದಿನಕ್ಕೆ ಹುಡುಗಿ ಊರಿಗೆ ಬಂದ್ಲು. ಬಸವಮ್ಮನೋರಿಗೆ ಅಣ್ಣ ಕೊನೆಗೂ ನಿಜ ಹೇಳ್ದ, ಫಾರಂ ಬರೆದದ್ದು ನಾನೇ ಅಂತ. ಅವರು ಒಂದು ನಿಮಿಷ ಅವನನ್ನೇ ನೋಡಿ, "ಸಹಿ ಹಾಕ್ದೋಳು ನಾ ಅಲ್ವಾ ಹನುಮಯ್ಯ" ಅಂದ್ರಂತೆ.

ಕತೆ ಇಲ್ಲಿಗೆ ಮುಗಿಯುತ್ತೆ ಅಂತ ನಾನೂ ಅಂದ್ಕೊಂಡಿದ್ದೆ.

ಜನವರಿ ಹತ್ತೋ ಹನ್ನೊಂದೋ ಇರಬೇಕು. ಪರ್ಮಿಟ್ಟಿನ ಕಾಗದ ಇನ್ನೂ ಓಡಾಡ್ತಾನೇ ಇತ್ತು. ಅಣ್ಣನ ಹೆಂಡ್ತಿ ಮಹಾಲಕ್ಷ್ಮಮ್ಮ, ನನ್ನ ಅತ್ತಿಗೆ, ಖಾಲಿ ಚೀಲ ಹಿಡ್ಕೊಂಡು ನಗ್ತಾ ನಗ್ತಾ ಅಂಗಡಿಗೆ ಬಂದ್ಲು. ಬಿಸಿಲಲ್ಲಿ ಎರಡು ಮೈಲಿ ನಡೆದು ಬಂದಿದ್ಲು.

"ಕೇಳ್ದೇನೇ ರಾಧಾ? ನಾವು ಕಾರ್ ಮಡಗಿದೀವಂತೆ! ಅಕ್ಕಿ ಇಲ್ಲ ಅಂತಾನೆ. ಅಲ್ಲ, ಈ ಅಯ್ಯನ ಮುಖಕ್ಕೆ ಕಾರ್ ಬೇರೆ ಕೇಡು. ನ್ಯಾಯಬೆಲೆ ಅಂಗಡೀಲಿ ಇದ್ದೋರೆಲ್ಲಾ ಬಿದ್ದು ಬಿದ್ದು ನಕ್ರು ಕಣೇ!" ಜಗಲಿ ಮೇಲೆ ಕೂತು ಸೆರಗಿಂದ ಗಾಳಿ ಹಾಕ್ಕೊಂಡ್ಲು. ಗಂಡನ ಕಡೆ ತಿರುಗಿ, "ಬರಿಯಯ್ಯಾ ಒಂದು ಅರ್ಜಿ. ನಮ್ಮತ್ರ ಯಾವ ಕಾರೂ ಇಲ್ಲ, ಸುಳ್ಳು ಲೆಕ್ಕ ಬಂದೈತೆ ಅಂತ ಬರಿ. ಊರಿಗೆಲ್ಲಾ ಬರ್ಕೊಡ್ತೀಯ, ನಂಗೂ ಒಂದು ಬರಿ."

ಅಣ್ಣ ಬಿಳಿ ಹಾಳೆ ತಗೊಂಡ. ಬಲಗಡೆ ಮೇಲೆ ತಾರೀಖು ಹಾಕಿದ. ಪೆನ್ನು ಅಲ್ಲೇ ನಿಂತಿತು.

"ಬರಿ ಬೇಗ. ಆಫೀಸ್ ಮುಚ್ತಾರೆ."

ಅವನು ಪೆನ್ನಿಗೆ ಮುಚ್ಚಳ ಹಾಕಿ, ಹಾಳೆ ಮೇಲೆ ಕಣ್ಣಿಟ್ಕೊಂಡೇ ಎಲ್ಲಾ ಹೇಳಿದ. ಒಲೆ ಮುಂದಿನ ಸಹಿಯಿಂದ ಹಿಡಿದು ಬಲಸಮುದ್ರದ ಕಲ್ಲಿನವರೆಗೂ. ಅತ್ತಿಗೆ ಮುಖದ ಮೇಲೆ ಆ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಇರ್ಲಿಲ್ಲ. ಕೂಗಾಡ್ತಾಳೆ, ಚೀಲ ಎಸೀತಾಳೆ ಅಂತ ಕಾಯ್ತಿದ್ದೆ.

"ಆ ಮಗು ಹೆಂಗೈತೆ ಈಗ?" ಅಂದ್ಲು.

"ಚೆನ್ನಾಗವ್ಳೆ. ಮೆಟ್ಲು ಹತ್ತುತಾಳೆ."

"ಒಳ್ಳೇದಾಯ್ತು." ಚೀಲ ತೊಡೆ ಮೇಲೆ ಇಟ್ಕೊಂಡು ಎರಡು ಮಡಿಕೆ ಮಾಡಿದ್ಲು. "ಕಾರ್ಡಲ್ಲಿ ಯಜಮಾನಿ ಅಂತ ಯಾರ ಫೋಟೋ ಐತೆ?"

"ನಿಂದು" ಅಂದ ಅಣ್ಣ.

"ನಂದು. ಕೇಳಿದ್ರೆ ಬ್ಯಾಡ ಅಂತಿದ್ನಾ ನಾನು? ನಂಗೂ ಹೆಣ್ಮಕ್ಳವ್ರೆ. ಆ ಯಜಮಾನ್ರು ಒಲೆ ಮುಂದೆ ಬಂದು ಬಸವಮ್ಮೋರ ಸಹಿನಾದ್ರೂ ಹಾಕಿಸ್ಕಂಡ್ರು. ನೀನು ಅಷ್ಟೂ ಮಾಡ್ಲಿಲ್ವಲ್ಲಯ್ಯಾ."

ಅಣ್ಣ ತಲೆ ಎತ್ತಲಿಲ್ಲ. ಅತ್ತಿಗೆ ನನ್ನ ಕಡೆ ತಿರುಗಿದ್ಲು.

"ನಿಂಗೂ ಗೊತ್ತಿತ್ತಾ ರಾಧಾ?"

ಎರಡು ತಿಂಗಳಲ್ಲಿ ಅವಳು ಹತ್ತು ಸಲವಾದ್ರೂ ಅಂಗಡಿಗೆ ಬಂದಿದ್ಲು. ನನ್ನ ಜೊತೆ ಕೂತು ಕಡ್ಲೆಕಾಯಿ ಸುಲಿದು ತಿಂದಿದ್ಲು. ಹದಿನಾಲ್ಕು ವರ್ಷದಲ್ಲಿ ಮೊದಲನೇ ಸಲ ನನ್ನ ಬಾಯಿಂದ ಮಾತು ಹೊರಡಲಿಲ್ಲ.

"ಗೊತ್ತಿತ್ತು" ಅಂತ ಅವಳೇ ಹೇಳ್ಕೊಂಡು ಎದ್ಲು. ಸಂತೆ ಬೀದಿ ಕಡೆ ನಡೆದ್ಲು, ಅಂಗಡೀಲಿ ದುಡ್ಡು ಕೊಟ್ಟು ಅಕ್ಕಿ ತರೋಕೆ. ಅಣ್ಣ ಚಪ್ಪಲಿ ಹುಡುಕಿ ಮೆಟ್ಕೊಳ್ಳೋಷ್ಟರಲ್ಲಿ ಅವಳು ತಿರುವು ದಾಟಿದ್ಲು.